‘ರೂಪಾಂತರ’ ಎಂಬ ಮಾರೀಚ

ದನಗಳಲ್ಲಿ ಗರ್ಭಪಾತ ತರುವ ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆಯ ಬಗ್ಗೆ ಒಂದು ಕರಪತ್ರ ಕೈಗೆ ಬಂತು. ‘ಲಸಿಕೆಯಿಂದ ತಪ್ಪಿಸಿಕೊಳ್ಳಲು ರೋಗಾಣು ರೂಪಾಂತರ ಹೊಂದುತ್ತದೆ’ ಎಂದಿತ್ತು ಅದರಲ್ಲಿ. ಕೋವಿಡ್ ಕಾಲದಲ್ಲಿ ‘ರೂಪಾಂತರಿ’ಯನ್ನು ಕೇಳಿ ಕೇಳಿ ಸಾಕಾಗಿಯೂ ಸುಮ್ಮನಿದ್ದೆ. ಈಗ ಅದು ದನದ ಕೊಟ್ಟಿಗೆಗೂ ನುಗ್ಗಿದೆ.

ರೂಪಾಂತರ ಎಂದೊಡನೆ ಕಣ್ಣಿಗೆ ಕಟ್ಟುವವನು ಮಾರೀಚ. ರಾಕ್ಷಸನಾಗಿದ್ದ, ಬೇಕೆನಿಸಿತು, ಜಿಂಕೆಯಾದ. ಬ್ಯಾಕ್ಟೀರಿಯಾಕ್ಕೆ ಆ ವಿದ್ಯೆ ಗೊತ್ತಿಲ್ಲ. ಒಂದು ಎರಡಾಗುವಾಗ ಅದರ ಡಿಎನ್‌ಎ ನಕಲಾಗುತ್ತದೆ, ನಕಲಿನಲ್ಲಿ ಎಲ್ಲೋ ಒಂದಕ್ಷರ ತಪ್ಪುತ್ತದೆ. ಹೆಚ್ಚಿನ ತಪ್ಪುಗಳಿಂದ ಏನೂ ಆಗದು. ಯಾವುದೋ ಒಂದು ಮಾತ್ರ ಔಷಧದ ನಡುವೆಯೂ ಬದುಕಲು ನೆರವಾಗಿಬಿಡುತ್ತದೆ. ಮಿಕ್ಕವು ಸಾಯುತ್ತವೆ, ಅದರ ಸಂತಾನ ಉಳಿಯುತ್ತದೆ. ತಪ್ಪು ಮೊದಲು, ಲಾಭ ಆಮೇಲೆ. ‘ತಪ್ಪಿಸಿಕೊಳ್ಳಲು’ ಅನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ಹಾಗೆಂದು ಪದದ ಬಾಲವನ್ನು ದೂರುವಂತಿಲ್ಲ. ಇಲ್ಲಿ ‘ಅಂತರ’ ಎಂದರೆ ದೂರವಲ್ಲ, ‘ಮತ್ತೊಂದು’. ದೇಶಾಂತರ, ಜನ್ಮಾಂತರ, ಮತಾಂತರ. ಇದೇ ಸಾಲಿನಲ್ಲಿ ಪಾಠಾಂತರವೂ ಇದೆ, ಅಂದರೆ ಒಂದೇ ಕೃತಿಯ ಬೇರೆ ಪ್ರತಿಯಲ್ಲಿ ಕಾಣುವ ಬೇರೆ ಓದು. ನಮಗೆ ಬೇಕಾದದ್ದು ಅದೇ. ತಾಳೆಗರಿ ಹಿಡಿದು ಕೂತ ಹಳೆಯ ಗ್ರಂಥಗಳ ಸಂಪಾದಕರಿಗೆ ಬ್ಯಾಕ್ಟೀರಿಯಾದ ತಳಿವ್ಯತ್ಯಾಸವನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಲಿಪಿಕಾರ ಒಂದಕ್ಷರ ತಪ್ಪಿದರೆ ಸ್ಖಾಲಿತ್ಯ, ಗರಿ ಮುರಿದು ಸಾಲು ಹೋದರೆ ಗ್ರಂಥಪಾತ, ಬೇರೆ ಯಾರದೋ ಪದ್ಯ ಒಳಗೆ ಸೇರಿದರೆ ಪ್ರಕ್ಷೇಪ. ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರ ತಪ್ಪು ಕಂಡರೆ ಎರಡಕ್ಕೂ ಮೂಲ ಒಂದೇ ಎಂದು ಅವರು ಊಹಿಸುತ್ತಾರೆ. ರೋಗಾಣುಗಳ ವಂಶವೃಕ್ಷ ಬರೆಯುವವರು ಮಾಡುವುದೂ ಅದನ್ನೇ, ಕಂಪ್ಯೂಟರ್ ಒಂದು ಹೆಚ್ಚು.

ಗ್ರಂಥಪಾತಕ್ಕೆ ಆ ಕರಪತ್ರದ ಲಸಿಕೆಯೇ ಉದಾಹರಣೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಹಾಕುವ ಎಸ್19, ಕಂದು ರೋಗ ತರುವ ಬ್ಯಾಕ್ಟೀರಿಯಾ ಬ್ರುಸೆಲ್ಲಾ ಅಬಾರ್ಟಸ್‌ನ ಜೀವಂತ ತಳಿ. 1923ರಲ್ಲಿ ಅಮೆರಿಕದ ಜಾನ್ ಬಕ್ ಅದನ್ನು ಜೆರ್ಸಿ ಹಸುವೊಂದರ ಹಾಲಿನಿಂದ ಬೇರ್ಪಡಿಸಿದ. ಪ್ರಯೋಗಾಲಯದಲ್ಲಿ ವರ್ಷಕ್ಕೂ ಮಿಕ್ಕಿ ಹಾಗೇ ಬಿದ್ದಿದ್ದು ಆಮೇಲೆ ನೋಡಿದರೆ ಸೌಮ್ಯವಾಗಿತ್ತು. ಎರಿತ್ರಿಟಾಲ್ ಎಂಬ ಸಕ್ಕರೆಯಂಥ ವಸ್ತುವನ್ನು ಅರಗಿಸುವ ಜೀನ್‌ಗಳ ಜಾಗದಲ್ಲಿ ಅದಕ್ಕೆ 702 ಅಕ್ಷರಗಳಿಲ್ಲ. ಗಬ್ಬದ ಹಸುವಿನ ಗರ್ಭದಲ್ಲಿ ಹೇರಳವಾಗಿರುವ ವಸ್ತು ಅದು. (ಸೌಮ್ಯತೆಗೆ ಇದೊಂದೇ ಕಾರಣವಲ್ಲ.) ಅಂದರೆ ‘ರೂಪಾಂತರ’ದ ಭಯ ಹುಟ್ಟಿಸುವ ಕರಪತ್ರ ಹಾಕಿಸಿಕೊಳ್ಳಿ ಎನ್ನುತ್ತಿರುವುದು ಒಂದು ಪಾಠಾಂತರವನ್ನೇ.

ನೆರಡಿ ರೋಗದ (ಅಂಥ್ರಾಕ್ಸ್) ಲಸಿಕೆಯ ಕಥೆಯೂ ಇಂಥದ್ದೇ. ಆ ಬ್ಯಾಕ್ಟೀರಿಯಾದ ಎರಡು ಪ್ಲಾಸ್ಮಿಡ್‌ಗಳಲ್ಲಿ (ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ ಉಂಗುರಗಳು) ಒಂದು ವಿಷಕ್ಕೆ, ಇನ್ನೊಂದು ಮೈಗವಚಕ್ಕೆ. ದಕ್ಷಿಣ ಆಫ್ರಿಕದಲ್ಲಿ 1930ರ ದಶಕದಲ್ಲಿ ಮ್ಯಾಕ್ಸ್ ಸ್ಟರ್ನ್ ಆರಿಸಿದ ತಳಿ ಕವಚದ ಪ್ಲಾಸ್ಮಿಡ್ಡನ್ನು ಕಳೆದುಕೊಂಡಿತ್ತು.

ಪ್ರಕ್ಷೇಪ ಬೇಕೆಂದರೆ ಕೆಚ್ಚಲು ಬಾವಿನ ಬ್ಯಾಕ್ಟೀರಿಯಾ ಸ್ಟ್ಯಾಫಿಲೋಕಾಕಸ್ ಇದೆ. ಮೆಥಿಸಿಲಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಬಗ್ಗದಂತೆ ಮಾಡುವ ಜೀನನ್ನು ಅದು ತಾನೇ ತಿದ್ದಿಕೊಂಡಿದ್ದಲ್ಲ, ಹೊರಗಿನಿಂದ ತಂದದ್ದು. ಇಂಗ್ಲೆಂಡಿನ ಹಸುಗಳ ಹಾಲಿನಲ್ಲಿ ಸಿಕ್ಕಿ 2011ರಲ್ಲಿ ಪ್ರಕಟವಾದ ಮೆಕ್‌ಸಿ ಜೀನಿಗೂ ಹಳೆಯ ಮೆಕ್‌ಎಗೂ ಹೋಲಿಕೆ ಸುಮಾರು 70% ಅಷ್ಟೇ. ಹಳೆಯದನ್ನು ಹುಡುಕುತ್ತಿದ್ದ ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆಗೆ ಅದು ಕಾಣಿಸಲೇ ಇಲ್ಲ.

ಇನ್ನು ‘ತಳಿ’. ಹಳ್ಳಿಕಾರ್, ಅಮೃತಮಹಲ್ ಎಂದಾಗಿನ ತಳಿ ಬೇರೆ, ಅದು ಮನುಷ್ಯ ಆರಿಸಿ ಸಾಕಿದ್ದು. ಬ್ಯಾಕ್ಟೀರಿಯಾದ ತಳಿಯೆಂದರೆ ಒಮ್ಮೆ ಒಂದೆಡೆ ಸಿಕ್ಕ ಜೀವಿಯ ಸಂತತಿ, ಒಂದು ಓಲೆಯ ನಕಲುಗಳಿದ್ದಂತೆ. ಹೆಸರು ನೋಡಿ ಊರು ನಂಬಬಾರದು. 2001ರಲ್ಲಿ ಅಮೆರಿಕದಲ್ಲಿ ಅಂಚೆಯ ಮೂಲಕ ಕಳಿಸಿದ ಅಂಥ್ರಾಕ್ಸ್ ಪತ್ರಗಳಿಂದ ಕುಖ್ಯಾತವಾದ ‘ಏಮ್ಸ್’ ತಳಿ ಅಲ್ಲಿನ ಅಯೋವಾ ರಾಜ್ಯದ ಏಮ್ಸ್ ಊರಿನದಲ್ಲ. 1981ರಲ್ಲಿ ಟೆಕ್ಸಸ್‌ನಲ್ಲಿ ಸತ್ತ ಕಡಸೊಂದರದ್ದು. ಮಾದರಿ ಕಳಿಸಿದ ಪೆಟ್ಟಿಗೆಯ ಮೇಲಿದ್ದ ಚೀಟಿ ಏಮ್ಸ್ ಪ್ರಯೋಗಾಲಯದ್ದು, ಪಡೆದವರು ಅದನ್ನೇ ಊರೆಂದು ಬರೆದುಕೊಂಡರು.