ಊರಿಗೊಂದು ಗುರಾಣಿ: ಜರ್ಮನ್ ಹಳ್ಳಿಗಳ ಲಾಂಛನ ನಿಜಕ್ಕೂ ಎಷ್ಟು ಹಳೇದು?

ಮ್ಯೂನಿಕ್‌ಗೆ ಓದೋಕೆ ಹೋದ ನಮ್ಮ ಹುಡುಗ ಹುಡುಗಿಯರಿಗೆ ಗಾರ್ಚಿಂಗ್ ಗೊತ್ತಿರುತ್ತದೆ. ಯು6 ಮೆಟ್ರೋ ಹತ್ತಿ ಉತ್ತರಕ್ಕೆ ಕೊನೆತನಕ ಹೋದರೆ ಸಿಗುವ ಊರು. ತಾಂತ್ರಿಕ ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ ಅಲ್ಲೇ ಇದೆ. ಗುರಾಣಿಯ ಆಕಾರದ ಆ ಊರಿನ ಲಾಂಛನದಲ್ಲಿ ಮೊಟ್ಟೆಯನ್ನು ನಿಲ್ಲಿಸಿಟ್ಟ ಹಾಗೆ ಕಾಣುವ ಒಂದು ಗುಮ್ಮಟವಿದೆ. ಅದೊಂದು ಅಣು ರಿಯಾಕ್ಟರ್. ಜರ್ಮನಿಯ ಮೊಟ್ಟಮೊದಲ ರಿಯಾಕ್ಟರ್ 1957ರಲ್ಲಿ ಶುರುವಾದದ್ದು ಇಲ್ಲಿ. ಜನ ಅದಕ್ಕೆ ಇಟ್ಟ ಹೆಸರು ‘ಅಣು ಮೊಟ್ಟೆ’. ಆಗ ಗಾರ್ಚಿಂಗ್ ಇನ್ನೂ ಹಳ್ಳಿ. ಪಟ್ಟಣದ ಪಟ್ಟ ಸಿಕ್ಕಿದ್ದು 1990ರಲ್ಲಿ.

ಕುದುರೆ ಸವಾರರ ಕಾಲದ ಗುರಾಣಿಯ ಮೇಲೆ ರಿಯಾಕ್ಟರ್! ವಿಚಿತ್ರ ಅನಿಸುತ್ತದೆ ಅಲ್ವಾ? ಆದರೆ ಜರ್ಮನಿಯ ಹಳ್ಳಿ ಲಾಂಛನಗಳ ಕತೆಯಲ್ಲಿ ಇದು ತೀರಾ ವಿಚಿತ್ರವೇನೂ ಅಲ್ಲ. ಸಿಂಹ, ಶಿಲುಬೆ, ಕೀಲಿಕೈ ಇರುವ, ನೋಡಿದರೆ ಎಂಟುನೂರು ವರ್ಷ ಹಳೆಯದು ಅನಿಸುವ ಗುರಾಣಿಗಳೂ ಹೆಚ್ಚಿನಂಶ 20ನೇ ಶತಮಾನದವೇ.

ಜರ್ಮನಿಯಲ್ಲಿ ಸ್ಥಳೀಯ ಆಡಳಿತದ ತೀರಾ ಕೆಳಗಿನ ಘಟಕಕ್ಕೆ ‘ಗೆಮೈಂಡೆ’ ಎನ್ನುತ್ತಾರೆ. ದೇಶದಲ್ಲಿ ಇಂಥವು ಸುಮಾರು 10,800 ಇವೆ. ಬರ್ಲಿನ್ ಕೂಡ ಲೆಕ್ಕಕ್ಕೆ ಒಂದು ಗೆಮೈಂಡೆ. ಉತ್ತರ ಸಮುದ್ರದ ನಡುವೆ ಹತ್ತಾರು ಜನ ಕೂಡ ಇಲ್ಲದ ದ್ವೀಪವೂ ಒಂದು ಗೆಮೈಂಡೆ. ಐನೂರು ಜನರ ಊರಿಗೂ ತನ್ನದೇ ಮೇಯರ್, ತನ್ನದೇ ಕೌನ್ಸಿಲ್. ಜೊತೆಗೆ ಬಹುತೇಕ ಕಡೆ ತನ್ನದೇ ಲಾಂಛನ, ಎಷ್ಟೋ ಕಡೆ ಬಾವುಟ ಕೂಡ.

ಲಾಂಛನದ ಪದ್ಧತಿ ಹುಟ್ಟಿದ್ದು 12ನೇ ಶತಮಾನದಲ್ಲಿ, ಯುದ್ಧ ಮಾಡುವ ಸವಾರರ ನಡುವೆ. ಮುಖಕ್ಕೆ ಕಬ್ಬಿಣದ ಮುಚ್ಚಳ ಹಾಕಿಕೊಂಡ ಮೇಲೆ ಯಾರು ಯಾರೋ ಗೊತ್ತಾಗಬೇಕಲ್ಲ. ಆಮೇಲೆ ಗೋಡೆ ಕಟ್ಟಿಕೊಂಡು ಸಂತೆಯ ಹಕ್ಕು ಪಡೆದ ಪಟ್ಟಣಗಳು ತಮ್ಮ ಮೊಹರಿನ ಚಿತ್ರವನ್ನೇ ಗುರಾಣಿಗೆ ಏರಿಸಿದವು. ಹಳ್ಳಿಗೆ ಈ ಭಾಗ್ಯ ಇರಲಿಲ್ಲ. ಹಳ್ಳಿಯವರು ಯಾರದೋ ಜಮೀನಿನ ಒಕ್ಕಲು. ಕಾಗದಪತ್ರಕ್ಕೆ ಮೊಹರು ಒತ್ತುತ್ತಿದ್ದವನು ಜಮೀನುದಾರ, ಇಲ್ಲವೇ ಮಠದ ಗುರು.

ಅಲ್ಲಲ್ಲಿ ಅಪವಾದಗಳಿದ್ದವು. ರೈನ್ ಮತ್ತು ಮೋಸೆಲ್ ನದಿಯ ದಂಡೆಯಲ್ಲಿ ದ್ರಾಕ್ಷಿ ಬೆಳೆಯುವ ಊರುಗಳಲ್ಲಿ ಊರ ನ್ಯಾಯಸಭೆಗಳಿದ್ದವು. ಜಮೀನು ಮಾರಾಟ, ಸಾಲದ ಪತ್ರ ಎಲ್ಲಕ್ಕೂ ಅವು ತಮ್ಮ ಮೊಹರು ಒತ್ತುತ್ತಿದ್ದವು. ಅದರ ಮೇಲೆ ಸಾಮಾನ್ಯವಾಗಿ ಊರ ಚರ್ಚಿನ ಸಂತನ ಚಿತ್ರ. ನೈರುತ್ಯದ ವುರ್ಟೆಂಬರ್ಗ್ ಕಡೆ ಇನ್ನೊಂದು ಪದ್ಧತಿ: ಎಲ್ಲೆಕಲ್ಲಿನ ಮೇಲೆ ಊರಿನ ಗುರುತು ಕೆತ್ತುವುದು. ನೇಗಿಲ ಗುಳವೋ, ಒಂದು ಅಕ್ಷರವೋ, ಎರಡು ಗೆರೆ ದಾಟಿದ ಸರಳ ಚಿತ್ರವೋ ಇರುತ್ತಿತ್ತು. ಅದು ಗೌರವಕ್ಕೆ ಮಾಡಿಕೊಂಡದ್ದಲ್ಲ. ಪಕ್ಕದೂರಿನವರು ಹುಲ್ಲುಗಾವಲಿಗೆ ನುಗ್ಗಬಾರದು, ಅಷ್ಟೇ. ಮುಂದೆ ಲಾಂಛನ ಬರೆಯಲು ಕೂತವರಿಗೆ ಇಂಥ ಗುರುತುಗಳೇ ಚಿನ್ನದಂಥ ಸಾಮಗ್ರಿಯಾದವು.

19ನೇ ಶತಮಾನದ ಕೊನೆಗೆ ಕಲಾವಿದ ಒಟ್ಟೋ ಹುಪ್ ಜರ್ಮನ್ ಊರುಗಳ ಲಾಂಛನ, ಮೊಹರುಗಳನ್ನು ಹುಡುಕಿ ಚಿತ್ರ ಬರೆಯಲು ಶುರುಮಾಡಿದರು. ಬ್ರೆಮೆನ್‌ನ ‘ಕಾಫಿ ಹಾಗ್’ ಎಂಬ ಕಂಪನಿ ಅವರ ಚಿತ್ರಗಳನ್ನು ಪುಟ್ಟ ಬಣ್ಣದ ಚೀಟಿಗಳಾಗಿ ಅಚ್ಚು ಹಾಕಿಸಿತು. ಅದು ಕೆಫೀನ್ ತೆಗೆದ ಕಾಫಿ ಮಾರುತ್ತಿದ್ದ ಕಂಪನಿ. (ನಮ್ಮ ಕೊಡಗು, ಚಿಕ್ಕಮಗಳೂರಿನವರು ಇದನ್ನು ಕಾಫಿ ಅಂತ ಒಪ್ಪುತ್ತಾರೋ ಇಲ್ಲವೋ, ಆ ಮಾತು ಬಿಡಿ.) ಜನ ಆ ಚೀಟಿಗಳನ್ನು ಆಲ್ಬಂಗೆ ಅಂಟಿಸಿ ಕೂಡಿಟ್ಟರು. ಊರಿನ ಲಾಂಛನ ಅನ್ನುವುದು ಅಡುಗೆಮನೆಯವರೆಗೂ ಬಂದ ದಾರಿಗಳಲ್ಲಿ ಇದೂ ಒಂದು.

ಹಳ್ಳಿಗಳ ಪಾಲಿನ ದೊಡ್ಡ ತಿರುವು 1935ರ ಜನವರಿಯಲ್ಲಿ ಬಂತು. ಅದು ನಾಜಿ ಸರ್ಕಾರ ಇಡೀ ದೇಶಕ್ಕೆ ತಂದ ಸ್ಥಳೀಯಾಡಳಿತ ಕಾನೂನು. ಮೇಲಿನವರ ಒಪ್ಪಿಗೆ ಸಿಕ್ಕರೆ ಯಾವ ಗೆಮೈಂಡೆ ಬೇಕಾದರೂ ಲಾಂಛನ, ಬಾವುಟ ಇಟ್ಟುಕೊಳ್ಳಬಹುದು ಎಂದಿತು. ಅದೇ ಕಾನೂನು ಊರಿನವರು ಮೇಯರ್‌ನನ್ನು ಆರಿಸುವ ಪದ್ಧತಿಯನ್ನು ತೆಗೆದುಹಾಕಿತು. ಚುನಾವಣೆ ಕಿತ್ತುಕೊಂಡು ಗುರಾಣಿ ಕೊಟ್ಟರು ಅನ್ನಿ. ಇದಕ್ಕೂ ಮೊದಲೇ ಹಳೇ ಲಾಂಛನಕ್ಕೂ ಕೈ ಹಾಕಿದ್ದರು. ಕೋಬುರ್ಗ್ ಪಟ್ಟಣ ಶತಮಾನಗಳಿಂದ ಇಟ್ಟುಕೊಂಡಿದ್ದ ಕರಿಯ ಸಂತ ಮಾರಿಸ್‌ನ ತಲೆಯನ್ನು 1934ರಲ್ಲಿ ತೆಗೆದು, ಹಿಡಿಯ ಮೇಲೆ ಸ್ವಸ್ತಿಕವಿದ್ದ ಕತ್ತಿಯನ್ನು ಹಾಕಲಾಯಿತು. ಯುದ್ಧ ಮುಗಿದ ಮೇಲೆ ಸಂತ ವಾಪಸ್ ಬಂದ. ಆ ತಲೆಯ ಚಿತ್ರಣ ಜನಾಂಗೀಯವಾಗಿದೆ ಎಂದು 2020ರಲ್ಲಿ ಮತ್ತೆ ಜಗಳ ಶುರುವಾಯಿತು. ಅದು ಬೇರೆಯೇ ಕತೆ.

ಹೊಸ ಲಾಂಛನಗಳೂ ಯಾಕೆ ಹಳೆಯವುಗಳ ಹಾಗೆ ಕಾಣುತ್ತವೆ? ನಿಯಮ ಹಾಗಿದೆ. ಹಳದಿಯನ್ನು ಚಿನ್ನ, ಬಿಳಿಯನ್ನು ಬೆಳ್ಳಿ ಎಂದು ಕರೆಯುತ್ತಾರೆ. ಇವೆರಡು ‘ಲೋಹ’. ಕೆಂಪು, ನೀಲಿ, ಹಸಿರು, ಕಪ್ಪು ‘ಬಣ್ಣ’. ಲೋಹದ ಮೇಲೆ ಲೋಹ ಇಡಬಾರದು, ಬಣ್ಣದ ಮೇಲೆ ಬಣ್ಣ ಇಡಬಾರದು. ದೂರದಿಂದ ಎದ್ದು ಕಾಣಬೇಕು ಅನ್ನುವುದೇ ಇದರ ಹಿಂದಿನ ಕಾರಣ. ನಮ್ಮ ಹಳದಿ-ಕೆಂಪು ಬಾವುಟ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಊರಿನ ಹೆಸರು ಬರೆಯುವ ಹಾಗಿಲ್ಲ, ಫೋಟೋದಂಥ ಚಿತ್ರ ಬೇಡ, ವಿವರ ಜಾಸ್ತಿ ಆಗಬಾರದು. ಗುರಾಣಿಯ ಬಲ ಎಂದರೆ ಅದನ್ನು ಹಿಡಿದವನ ಬಲ, ನೋಡುವವನಿಗೆ ಅದು ಎಡ. ಕೌನ್ಸಿಲ್ ಒಪ್ಪಿದ ಚಿತ್ರವನ್ನು ಸಾಮಾನ್ಯವಾಗಿ ರಾಜ್ಯದ ಪತ್ರಾಗಾರಕ್ಕೆ ತೋರಿಸಬೇಕು. ಅಲ್ಲಿನವರು ಇತಿಹಾಸವನ್ನೂ ನೋಡುತ್ತಾರೆ, ಶೈಲಿಯನ್ನೂ ನೋಡುತ್ತಾರೆ.

ಹೀಗಾಗಿ ಈ ಗುರಾಣಿಗಳನ್ನು ಓದೋದು ಕಷ್ಟವಲ್ಲ. ಅಲೆಯಂಥ ಪಟ್ಟಿ ಎಂದರೆ ಊರಲ್ಲಿ ಹೊಳೆ ಇದೆ. ಕೀಲಿಕೈ ಎಂದರೆ ಚರ್ಚು ಸಂತ ಪೀಟರ್‌ನದು. ಕಬ್ಬಿಣದ ಜಾಲರಿ ಕಂಡರೆ ಸಂತ ಲಾರೆನ್ಸ್, ಅವನನ್ನು ಅದರ ಮೇಲೆ ಸುಟ್ಟರು ಎಂಬ ಕತೆ ಇದೆ. ಬೆಳ್ಳಿಯ ಮೇಲೆ ಕೆಂಪು ಶಿಲುಬೆ ಇದ್ದರೆ ಟ್ರಿಯರ್ ಬಿಷಪ್ಪರ ಆಳ್ವಿಕೆ, ಕಪ್ಪು ಶಿಲುಬೆಯಾದರೆ ಕಲೋನ್‌ನವರದು. ಕೆಂಪಿನ ಮೇಲೆ ಬಿಳಿ ಚಕ್ರ ಮೈನ್ಸ್‌ನದು. ಐಫೆಲ್ ಬೆಟ್ಟಗಳ ಕಡೆ ಹಳ್ಳಿಯಿಂದ ಹಳ್ಳಿಗೆ ಹೋದರೆ ಆ ಕೆಂಪು ಶಿಲುಬೆ ಮತ್ತೆ ಮತ್ತೆ ಎದುರಾಗುತ್ತದೆ. ನನಗೆ ಇದು ಸ್ವಲ್ಪ ಕಸಿವಿಸಿ ತರುತ್ತದೆ. ಮುತ್ತಜ್ಜಂದಿರು ಯಾರಿಗೆ ಕಂದಾಯ ಕಟ್ಟಿ ಸೋತರೋ, ಅವರದೇ ಗುರುತನ್ನು ಮರಿಮಕ್ಕಳು ಅಗ್ನಿಶಾಮಕದ ಗಾಡಿಯ ಮೇಲೆ ಪ್ರೀತಿಯಿಂದ ಅಂಟಿಸಿಕೊಂಡಿದ್ದಾರೆ. ಒಕ್ಕಲಿನವರ ಕಡೆಯಿಂದ ಉಳಿದದ್ದು ಹೆಚ್ಚೆಂದರೆ ನೇಗಿಲ ಗುಳ, ಗೋಧಿಯ ತೆನೆ.

ಬಾವುಟದ ವಿಷಯಕ್ಕೆ ಬಂದರೆ ಹೆಲ್ಗೋಲ್ಯಾಂಡ್ ದ್ವೀಪದ್ದೇ ಚೆಂದ. ಸುಮಾರು 1,300 ಜನರ ಗೆಮೈಂಡೆ. ಹಸಿರು, ಕೆಂಪು, ಬಿಳಿ ಪಟ್ಟಿಗಳು. ಹಸಿರು ನೆಲದ್ದು, ಕೆಂಪು ಬಂಡೆಯ ಅಂಚಿನದು, ಬಿಳಿ ಮರಳಿನದು ಎಂದು ಅಲ್ಲಿಯವರು ಪ್ರಾಸ ಕಟ್ಟಿ ಹೇಳುತ್ತಾರೆ. ಬ್ರಿಟಿಷರು 1807ರಲ್ಲಿ ದ್ವೀಪವನ್ನು ಹಿಡಿದು, 1890ರಲ್ಲಿ ಜರ್ಮನಿಗೆ ಬಿಟ್ಟುಕೊಟ್ಟರು. ಅವರ ಕಾಲದಲ್ಲಿ ಈ ಬಾವುಟದ ಮೂಲೆಯಲ್ಲಿ ಯೂನಿಯನ್ ಜಾಕ್ ಕೂತಿತ್ತು. ಎರಡನೇ ಮಹಾಯುದ್ಧದ ನಂತರ ದ್ವೀಪ ಮತ್ತೆ ಬ್ರಿಟಿಷರ ಕೈಗೆ ಹೋಗಿ, ಬಾಂಬ್ ಹಾಕಿ ಅಭ್ಯಾಸ ಮಾಡುವ ಜಾಗವಾಯಿತು. ಜನರನ್ನು ಖಾಲಿ ಮಾಡಿಸಲಾಗಿತ್ತು. 1950ರ ಡಿಸೆಂಬರ್‌ನಲ್ಲಿ ಹೈಡೆಲ್‌ಬರ್ಗ್‌ನ ಇಬ್ಬರು ವಿದ್ಯಾರ್ಥಿಗಳು ದೋಣಿಯಲ್ಲಿ ಹೋಗಿ ಅಲ್ಲಿ ಜರ್ಮನಿಯ ಬಾವುಟ, ಯುರೋಪ್ ಒಂದಾಗಬೇಕು ಎನ್ನುವ ಚಳವಳಿಯ ಬಾವುಟದ ಜೊತೆ ಹೆಲ್ಗೋಲ್ಯಾಂಡಿನದನ್ನೂ ಏರಿಸಿದರು. 1952ರ ಮಾರ್ಚ್ 1ಕ್ಕೆ ದ್ವೀಪ ವಾಪಸ್ ಸಿಕ್ಕಿತು.

ಉಳಿದ ಹಳ್ಳಿಗಳ ಬಾವುಟಕ್ಕೆ ಇಷ್ಟು ಕತೆ ಇಲ್ಲ. ಹೆಚ್ಚಿನವು ಲಾಂಛನದಿಂದಲೇ ಬಣ್ಣ ಎತ್ತಿಕೊಂಡವು. ಬವೇರಿಯಾದಲ್ಲಿ ಪಟ್ಟಿ ಎಳೆದು ಸುಮ್ನಾಗುತ್ತಾರೆ. ಸಮುದ್ರದ ಪಕ್ಕದ ಶ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿ ಗುರಾಣಿಯನ್ನು ಬಿಟ್ಟು ಅದರೊಳಗಿನ ಚಿತ್ರವನ್ನೇ ಬಟ್ಟೆಯ ತುಂಬ ಹರಡುವುದು ಜಾಸ್ತಿ. ಗಾಳಿ ಇಲ್ಲದ ದಿನವೂ ಕಾಣಲಿ ಅಂತ ಅಡ್ಡಕೋಲಿಗೆ ಉದ್ದಕ್ಕೆ ಇಳಿಬಿಡುವ ಪದ್ಧತಿಯೂ ಇದೆ.

1960ರ ದಶಕದ ಕೊನೆಯಿಂದ ಪಶ್ಚಿಮ ಜರ್ಮನಿಯ ಸರ್ಕಾರಗಳು ಸಣ್ಣ ಹಳ್ಳಿಗಳನ್ನು ಒಟ್ಟುಗೂಡಿಸಲು ಹೊರಟವು. ಖರ್ಚು ಕಡಿಮೆ, ಆಡಳಿತ ಚುರುಕು ಎಂಬ ವಾದ. ಹತ್ತು ವರ್ಷದೊಳಗೆ ಸುಮಾರು 24,000 ಗೆಮೈಂಡೆಗಳು 8,500ಕ್ಕೆ ಇಳಿದವು. ಹೆಸ್ಸೆ ರಾಜ್ಯದಲ್ಲಿ 2,600ಕ್ಕೂ ಹೆಚ್ಚಿದ್ದದ್ದು 421 ಆಯಿತು. ಕಾಗದದ ಮೇಲೆ ಹುಟ್ಟಿದ ಹೊಸ ಊರುಗಳಿಗೆ ಹೊಸ ಲಾಂಛನ ಬೇಕಾಯಿತು. ಐದು ಹಳ್ಳಿ ಸೇರಿದ್ದರೆ ಐದು ನಕ್ಷತ್ರ, ಇಲ್ಲವೇ ಐದು ಎಲೆ. ಯಾರಿಗೂ ಬೇಜಾರಾಗಬಾರದು ನೋಡಿ! ಹಾಗೆ ಹುಟ್ಟಿದ ಎಷ್ಟೋ ಗುರಾಣಿಗಳು ಸಮಿತಿಯ ಮೀಟಿಂಗಿನ ನಡಾವಳಿಯ ಹಾಗೆ ಕಾಣುತ್ತವೆ.

ಎಲ್ಲರೂ ಸುಮ್ಮನೆ ಒಪ್ಪಲಿಲ್ಲ. ಬವೇರಿಯಾದ ಎರ್ಮರ್ಸ್‌ಹೌಸೆನ್ ಎಂಬ ಪುಟ್ಟ ಊರನ್ನು ಪಕ್ಕದ ಮಾರೋಲ್ಡ್ಸ್‌ವೈಸಾಖ್‌ಗೆ ಸೇರಿಸಲು ಹೊರಟಾಗ ಜನ ಪಂಚಾಯ್ತಿ ಕಟ್ಟಡಕ್ಕೆ ಅಡ್ಡಗಟ್ಟಿ ಕೂತರು. 1978ರ ಮೇ 19ರಂದು ನೂರಾರು ಪೊಲೀಸರು ನುಗ್ಗಿ ಕಡತಗಳನ್ನು ಎತ್ತಿಕೊಂಡು ಹೋದರು. ಊರು ಹಟ ಬಿಡಲಿಲ್ಲ. 1994ರಲ್ಲಿ ಮತ್ತೆ ಸ್ವತಂತ್ರ ಗೆಮೈಂಡೆಯಾಯಿತು.

ಪೂರ್ವದಲ್ಲಿ ಇದೇ ನಾಟಕ ತಡವಾಗಿ ನಡೆಯಿತು. 1990ರಲ್ಲಿ ದೇಶ ಒಂದಾದ ಮೇಲೆ ಅಲ್ಲಿನ ಹಳ್ಳಿಗಳು ಸಾಲುಗಟ್ಟಿ ಲಾಂಛನ ಮಾಡಿಸಿಕೊಂಡವು. ಎಷ್ಟೋ ಊರಿಗೆ ಅದು ಮೊದಲನೆಯದು. ಕಲಾವಿದನನ್ನು ಹುಡುಕಿ, ಹಳೇ ಮೊಹರು ಕೆದಕಿ, ಒಪ್ಪಿಗೆ ಪಡೆದು, ಬಾವುಟ ಹೊಲಿಸಿದರು. ಆಮೇಲೆ ಒಟ್ಟುಗೂಡಿಸುವ ಸರದಿ ಅಲ್ಲಿಗೂ ಬಂತು. ಸ್ಯಾಕ್ಸನಿ-ಅನ್‌ಹಾಲ್ಟ್ ರಾಜ್ಯದಲ್ಲಿ 2005ರ ಹೊತ್ತಿಗೆ ಸಾವಿರಕ್ಕೂ ಹೆಚ್ಚಿದ್ದ ಗೆಮೈಂಡೆಗಳು 2011ಕ್ಕೆ 220ರ ಆಸುಪಾಸಿಗೆ ಬಂದವು. ಹದಿನೈದು ವರ್ಷವೂ ತುಂಬದ ಎಷ್ಟೋ ಗುರಾಣಿಗಳಿಗೆ ಕೌನ್ಸಿಲ್ಲೇ ಇಲ್ಲದಂತಾಯಿತು. ಈಗ ಅವು ಊರ ಹಬ್ಬದ ದಿನ, ಅಗ್ನಿಶಾಮಕ ಶೆಡ್ಡಿನ ಬಾಗಿಲ ಮೇಲೆ ಕಾಣಸಿಗುತ್ತವೆ.