ಲೋಕಲ್ ನಿಂತ ಭಾನುವಾರಕ್ಕೆ ಮಳೆಗಾಲದ ಮುಂಚಿನ ತಯಾರಿ

ಮುಂಬೈಯ ಕನ್ನಡ ಕ್ರೈಸ್ತ ಸಭೆಯವರು ಒಂದೇ ಕೇರಿಯಲ್ಲಿರುವುದಿಲ್ಲ. ಒಂದು ಮನೆ ನಾಲಾಸೋಪಾರದಲ್ಲಿ, ಇನ್ನೊಂದು ಡೊಂಬಿವಲಿಯಲ್ಲಿ, ಮತ್ತೊಂದು ಕುರ್ಲಾದ ಚಾಳಿನಲ್ಲಿ. ಅವರನ್ನು ಕೂಡಿಸುವುದು ಲೋಕಲ್ ರೈಲು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ಅದು ನಿಂತಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಜನಸಾಮಾನ್ಯರಿಗೆ ತಿಂಗಳುಗಟ್ಟಲೆ ಸಿಗಲಿಲ್ಲ. ಹಳಿ ದುರಸ್ತಿಗೆಂದು ರೈಲು ತಡೆಯುವ ಭಾನುವಾರದ ಮೆಗಾಬ್ಲಾಕ್ ಅಂತೂ ಇದ್ದೇ ಇದೆ.

ಇಂಥ ಹೊತ್ತಿನಲ್ಲಿ ಆರಾಧನೆಯನ್ನು ಮನೆಮನೆಗೆ ತಲುಪಿಸಲೆಂದು ಮೊದಲೇ ಕ್ಯಾಮೆರಾ ಕೊಳ್ಳಲು ಹೋಗಬೇಡಿ. ಮೊದಲು ಬೇಕಾದದ್ದು ಕಾಗದದ ಮೇಲಿನ ಪಟ್ಟಿ. ಅದು ಅಕ್ಷರಾನುಕ್ರಮದಲ್ಲಿ ಬೇಡ, ರೈಲು ನಿಲ್ದಾಣದ ಪ್ರಕಾರ ಇರಲಿ. ಪ್ರತಿ ಮನೆಯ ಎರಡು ನಂಬರ್, ಪಕ್ಕದ ಮನೆಯ ಒಂದು ನಂಬರ್, ಬಟನ್ ಫೋನ್ ಮಾತ್ರ ಇರುವವರು ಯಾರು, ಇನ್ಸುಲಿನ್ ಅಥವಾ ಡಯಾಲಿಸಿಸ್ ಯಾರಿಗಿದೆ ಎಂಬುದನ್ನು ಬರೆಯಿರಿ. ಎಂಟು-ಹತ್ತು ಮನೆಗೆ ಒಬ್ಬ ಸಭಾ ಹಿರಿಯರು ಹೊಣೆ ಹೊರಲಿ.

ಎರಡನೆಯದು ಧ್ವನಿ. ನೆಟ್‌ವರ್ಕ್ ಸೊರಗಿದಾಗ ವಿಡಿಯೊ ಸುತ್ತುತ್ತಲೇ ಇರುತ್ತದೆ, ಆಡಿಯೊ ತಲುಪುತ್ತದೆ. ರೆಕಾರ್ಡರ್ ಆ್ಯಪ್‌ನಲ್ಲಿ ಮೊನೊ, 64 ಕೆಬಿಪಿಎಸ್ ಇಟ್ಟರೆ ನಿಮಿಷಕ್ಕೆ ಸುಮಾರು ಅರ್ಧ ಎಂಬಿ. ಹನ್ನೆರಡು ನಿಮಿಷದ ಪ್ರಸಂಗ (ಬೋಧನೆ) ಆರು ಎಂಬಿಯೊಳಗೆ ಮುಗಿಯುತ್ತದೆ. ಫೋನ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಲಿ. ನೇರ ಹಿಡಿದರೆ ‘ಪ’, ‘ಭ’ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿಯುತ್ತದೆ. ತಗಡಿನ ಮಾಡಿನ ಕೆಳಗೆ ಮಳೆ ಸದ್ದು ಮಾತನ್ನೇ ನುಂಗುತ್ತದೆ. ಹಾಸಿಗೆ, ಪರದೆ ಇರುವ ಸಣ್ಣ ಕೋಣೆಯಲ್ಲಿ ಫ್ಯಾನ್ ಆರಿಸಿ ಕುಳಿತುಕೊಳ್ಳಿ. ಏರೋಪ್ಲೇನ್ ಮೋಡ್ ಮರೆಯಬೇಡಿ, ನಡುವೆ ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು. ವಾಕ್ಯಪಠಣ, ಪ್ರಸಂಗ, ಪ್ರಾರ್ಥನೆಗೆ ಬೇರೆ ಬೇರೆ ಫೈಲ್ ಮಾಡಿ. ಒಂದು ಇಳಿಯದಿದ್ದರೂ ಉಳಿದೆರಡು ಕೈಸೇರುತ್ತವೆ.

‘ಕಳಿಸಿದ್ದೆ, ಅವರಿಗೆ ಬರಲೇ ಇಲ್ಲ’ ಎಂಬ ದೂರಿಗೆ ಕಾರಣ ಹೆಚ್ಚಾಗಿ ವಾಟ್ಸಾಪ್ ಬ್ರಾಡ್‌ಕಾಸ್ಟ್, ಅಂದರೆ ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅಡ್ಮಿನ್‌ಗಳು ಮಾತ್ರ ಬರೆಯಬಹುದಾದ ಗ್ರೂಪ್ ವಾಸಿ. ಗುಡ್ ಮಾರ್ನಿಂಗ್ ಹೂಗಳ ಕೆಳಗೆ ಪ್ರಸಂಗ ಹೂತುಹೋಗುವುದಿಲ್ಲ. ಬಟನ್ ಫೋನಿನ ಅಜ್ಜ-ಅಜ್ಜಿಯರಿಗೆ ಹಿರಿಯರೇ ಗೊತ್ತಾದ ಹೊತ್ತಿಗೆ ಕರೆ ಮಾಡಿ ಬೈಬಲಿನ ಒಂದು ಕೀರ್ತನೆ ಓದಿ ಪ್ರಾರ್ಥಿಸಲಿ. ಹತ್ತು ನಿಮಿಷ ಸಾಕು. ಇದನ್ನು ಎರಡನೇ ದರ್ಜೆಯ ಸೇವೆ ಎಂದು ದಯವಿಟ್ಟು ಎಣಿಸಬೇಡಿ. ಒಂಟಿಯಾಗಿರುವವರಿಗೆ ಹೆಸರು ಹಿಡಿದು ಕರೆಯುವ ದನಿಯೇ ಸಭೆ.

ನೇರ ಕೂಟ ಬೇಕೇ ಬೇಕೆಂದರೆ, ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕಡಿಯುತ್ತದೆ. ಆಶೀರ್ವಚನಕ್ಕೆ ಮುಂಚೆ ಪರದೆ ಕಪ್ಪಾಗದಂತೆ ಕ್ರಮವನ್ನು 35ಕ್ಕೆ ಮುಗಿಸಿ. ಎಲ್ಲರೂ ಒಟ್ಟಿಗೆ ಹಾಡಲಾಗದು. ಪ್ರತಿ ಮನೆಯ ದನಿ ಒಂದಿಷ್ಟು ತಡವಾಗಿ ಬರುವುದರಿಂದ ತಾಳ ಚೆದುರುತ್ತದೆ. ಒಬ್ಬರು ಹಾಡಲಿ, ಉಳಿದವರು ಮ್ಯೂಟ್‌ನಲ್ಲಿ ಜತೆಗೂಡಲಿ. ಹಾರ್ಮೋನಿಯಂ ಕೇಳದಿದ್ದರೆ ಜೂಮ್‌ನ ‘ಒರಿಜಿನಲ್ ಸೌಂಡ್’ ಆಯ್ಕೆ ಹಚ್ಚಿ. ಇಲ್ಲದಿದ್ದರೆ ಎಳೆದು ನುಡಿಸುವ ಸ್ವರವನ್ನು ಆ್ಯಪ್ ಗದ್ದಲವೆಂದು ಭಾವಿಸಿ ಅಡಗಿಸಿಬಿಡುತ್ತದೆ.

ಕರೆಂಟ್ ಹೋದರೂ ವೈಫೈ ನಡೆಯಲೆಂದು ರೂಟರ್‌ಗೆ ಮಿನಿ ಯುಪಿಎಸ್ (ಸಣ್ಣ ಬ್ಯಾಟರಿ) ಹಾಕುವಾಗ ಅಡಾಪ್ಟರ್ ಮೇಲಿನ ವೋಲ್ಟ್ ನೋಡಿ. 9 ಮತ್ತು 12 ಅದಲುಬದಲಾಗಬಾರದು. ಆದರೂ ವೈಫೈ ಹೋಗಬಹುದು. ಕಟ್ಟಡದ ಮೆಟ್ಟಿಲ ಬಳಿ ಇರುವ ಕೇಬಲ್‌ನವರ ಇಂಟರ್ನೆಟ್ ಹಂಚುವ ಪೆಟ್ಟಿಗೆಗೂ (ನೆಟ್‌ವರ್ಕ್ ಸ್ವಿಚ್) ಕರೆಂಟ್ ಬೇಕಲ್ಲ. ಬೇರೆ ಕಂಪನಿಯ ಸಿಮ್ ಇರುವ ಎರಡನೇ ಫೋನ್ ಹಾಟ್‌ಸ್ಪಾಟ್‌ಗೆಂದು ತಯಾರಿರಲಿ.

ಕಾಣಿಕೆಯ ಕ್ಯೂಆರ್ ಸಭೆಯ ಬ್ಯಾಂಕ್ ಖಾತೆಯದ್ದಾಗಿರಲಿ, ಖಜಾಂಚಿಯವರ ಸ್ವಂತದ್ದು ಬೇಡ. ಪಾಸ್ಟರ್ ಹೆಸರಲ್ಲಿ ಹೊಸ ನಂಬರಿನಿಂದ ಹಣ ಕೇಳಿದರೆ ಹಳೆ ನಂಬರಿಗೆ ಕರೆ ಮಾಡಿ ವಿಚಾರಿಸಬೇಕೆಂದು ಎಲ್ಲರಿಗೂ ತಿಳಿಸಿ. ಕಾಯಿಲೆಯವರ ಹೆಸರನ್ನು ಅವರ ಒಪ್ಪಿಗೆ ಇಲ್ಲದೆ ಗ್ರೂಪ್‌ಗೆ ಹಾಕಬೇಡಿ.

ಮೇ ಕೊನೆಯ ಒಂದು ಬುಧವಾರದ ಪ್ರಾರ್ಥನಾ ಕೂಟವನ್ನು ಪೂರ್ತಿ ಹೀಗೆಯೇ ನಡೆಸಿ ನೋಡಿ. ಉತ್ತರ ಬಾರದ ಮನೆಗೆ ಅದೇ ವಾರ, ರೈಲು ಓಡುತ್ತಿರುವಾಗಲೇ, ಆ ನಿಲ್ದಾಣದ ಹಿರಿಯರು ಹೋಗಿ ಬರಲಿ.