ಅಲಗಿನ ಮೇಲಿನ ಚಿತ್ತಾರ: ಒಂದೇ ಹೆಸರು, ಎರಡು ಉಕ್ಕು

ಚಿತ್ತಾರದ ಅಲಗುಗಳಿಗೆ ಹೆಸರಾದ ‘ಡಮಾಸ್ಕಸ್ ಉಕ್ಕು’ ಬಗ್ಗೆ ಓದುವಾಗ ಎಲ್ಲಕ್ಕಿಂತ ಮೊದಲು ಇದನ್ನು ಬರೆದಿಟ್ಟುಕೊಳ್ಳಿ: ಈ ಹೆಸರಲ್ಲಿ ಎರಡು ಬೇರೆ ಉಕ್ಕುಗಳಿವೆ. ಎರಡರಲ್ಲೂ ನೀರಿನ ಅಲೆಯಂಥ ಗೆರೆ ಕಾಣುತ್ತದೆ. ಆದರೆ ಒಂದರಲ್ಲಿ ಗೆರೆ ಒಳಗಿಂದಲೇ ಮೂಡುತ್ತದೆ, ಇನ್ನೊಂದರಲ್ಲಿ ಕಮ್ಮಾರ ಪದರ ಸೇರಿಸಿ ಮಾಡುತ್ತಾನೆ.

ಹಳೆಯದು ವೂಟ್ಜ್. ನಮ್ಮ ‘ಉಕ್ಕು’ ಎಂಬ ಮಾತೇ ಇಂಗ್ಲಿಷರ ಬರಹದಲ್ಲಿ ಹೀಗಾಯಿತು ಎನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪ್ರಬಂಧದಲ್ಲಿ ಈ ಹೆಸರಿದೆ. ದಕ್ಷಿಣ ಭಾರತದಲ್ಲಿ ಕಬ್ಬಿಣದ ಚೂರು, ಕಟ್ಟಿಗೆ, ತಂಗಡಿಯಂಥ ಗಿಡದ ಸೊಪ್ಪನ್ನು ಮಣ್ಣಿನ ಮೂಸೆಗೆ ಹಾಕಿ, ಬಾಯಿ ಮೆತ್ತಿ, ತಿದಿ ಒತ್ತಿ ಕಾಯಿಸುತ್ತಿದ್ದರು. ಸೊಪ್ಪು ಯಾಕೆ? ಇಂಗಾಲಕ್ಕೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಇಂಗಾಲ ಸೇರಿದರೆ ಅದಕ್ಕಿಂತ ಕಡಿಮೆ ಶಾಖಕ್ಕೇ ಕರಗುತ್ತದೆ.

ಹೀಗೆ ಸಿಗುವ ಗಟ್ಟಿಯಲ್ಲಿ ಇಂಗಾಲ ಸುಮಾರು 1.5%. ಇದು ಜಾಸ್ತಿಯೇ. ಹೆಚ್ಚಾದ ಇಂಗಾಲ ಕಬ್ಬಿಣದ ಜೊತೆ ಕೂಡಿ ಸಿಮೆಂಟೈಟ್ ಎಂಬ ಗಡಸು ಕಣವಾಗುತ್ತದೆ. ಹದವಾಗಿ ಮತ್ತೆ ಮತ್ತೆ ಕಾಯಿಸಿ ಬಡಿದಾಗ ಆ ಕಣಗಳು ಸಾಲುಗಟ್ಟುತ್ತವೆ. ಚಿತ್ತಾರ ಅಂದರೆ ಆ ಸಾಲುಗಳೇ. ಸಾಲುಗಟ್ಟಲು ವೆನೇಡಿಯಂನಂಥ ಲೋಹ ಒಂದಿಷ್ಟೇ ಇಷ್ಟು ಇರಬೇಕು ಎಂದು 1990ರ ದಶಕದಲ್ಲಿ ಲೋಹವಿಜ್ಞಾನಿ ವರ್ಹೋವನ್ ಮತ್ತು ಕಮ್ಮಾರ ಪೆಂಡ್ರೇ ಅಲಗು ಮಾಡಿಯೇ ತೋರಿಸಿದರು. ಸೊಪ್ಪು, ಮಣ್ಣು, ಅದಿರು ಎಲ್ಲ ಕೂಡಿ ಬಂದ ಆ ಗೆರೆ ನನಗಂತೂ ಇಂದಿಗೂ ಬೆರಗು.

ಈಗ ಮಾರಾಟಕ್ಕಿರುವುದು ಹೆಚ್ಚಾಗಿ ಎರಡನೆಯದು, ಪದರದ ಉಕ್ಕು. ಈ ವಿದ್ಯೆಯೂ ಹಳೆಯದೇ, ವೈಕಿಂಗರ ಕತ್ತಿಗಳಲ್ಲಿತ್ತು. ಅಮೆರಿಕದ ಬಿಲ್ ಮೊರಾನ್ 1973ರಲ್ಲಿ ಇಂಥ ಚಾಕುಗಳನ್ನು ಪ್ರದರ್ಶನಕ್ಕಿಟ್ಟ ಮೇಲೆ ಚಾಕು ಮಾಡುವವರಲ್ಲಿ ಮತ್ತೆ ಆಸಕ್ತಿ ಹುಟ್ಟಿತು.

ಚಿರೋಟಿ ನೆನೆಸಿಕೊಳ್ಳಿ. 1095 ಮತ್ತು 15ಎನ್20 ಎಂಬ ಎರಡು ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಬೆಸೆದು, ಮಡಚಬೇಕು. 7 ಪದರವನ್ನು 5 ಸಲ ಮಡಚಿದರೆ 224! ಚಿರೋಟಿಯಲ್ಲಿ ಪದರ ಬಿಡಲಿ ಅಂತ ತುಪ್ಪ, ಅಕ್ಕಿಹಿಟ್ಟು ಸವರುತ್ತೇವೆ. ಇಲ್ಲಿ ಅಂಟಲಿ ಅಂತ ಬಿಳಿಗಾರ ಉದುರಿಸುತ್ತಾರೆ. ಅದು ಕರಗಿ ಗಾಳಿ ತಾಗದಂತೆ ತಡೆಯುತ್ತದೆ. ತಿರುಚಿದರೆ ಒಂದು ಚಿತ್ತಾರ, ಗೀರು ಕೊರೆದು ಚಪ್ಪಟೆ ಬಡಿದರೆ ಇನ್ನೊಂದು.

ಉಜ್ಜಿದ ಮೇಲೂ ಅಲಗು ಬೋಳಾಗಿಯೇ ಇರುತ್ತದೆ. ಫೆರಿಕ್ ಕ್ಲೋರೈಡ್ ದ್ರವದಲ್ಲಿ ಅದ್ದಿದಾಗ 1095 ಕಪ್ಪಾಗುತ್ತದೆ. ಸುಮಾರು 2% ನಿಕಲ್ ಇರುವ 15ಎನ್20 ಹೊಳೆಯುತ್ತಲೇ ಉಳಿಯುತ್ತದೆ.

ಅಡುಗೆಮನೆಯ ಜಪಾನಿ ಚಾಕುವನ್ನು ಹತ್ತಿರದಿಂದ ನೋಡಿ. ಅನೇಕ ಚಾಕುಗಳಲ್ಲಿ ಚಿತ್ತಾರ ಅಂಚಿಗೆ ಸ್ವಲ್ಪ ಮೊದಲೇ ನಿಲ್ಲುತ್ತದೆ. ಅಲ್ಲಿಂದಾಚೆ ತರಕಾರಿ ಕತ್ತರಿಸುವುದು ನಡುವಿನ ಗಡಸು ಉಕ್ಕಿನ ಹಾಳೆ. ಅದಕ್ಕೆ ಪದರವೇ ಇಲ್ಲ.